ಹೆಸರು ಕೊರೆದ ತಾಟು

ನನ್ನ ಮೊಮ್ಮಗಳಿಗೆ ಟಿ.ಬಿ. ಇಲ್ಲ. ಮೊದಲೂ ಇರಲಿಲ್ಲ. ಇವತ್ತು ಮಧ್ಯಾಹ್ನದ ಬಸ್ಸಿಗೆ ಮಗ ಮತ್ತು ಆಕೆ ಹೈದರಾಬಾದಿನಿಂದ ರಿಪೋರ್ಟು ತಂದರು. ಚಪ್ಪಲಿ ಬಿಡುವ ಮೊದಲೇ ಮಗ ಹೇಳಿದ. ನಾನು ಮೊರದಲ್ಲಿದ್ದ ತೊಗರಿಬೇಳೆ ನೆಲಕ್ಕೆ ಚೆಲ್ಲಿದ್ದೂ ಗೊತ್ತಾಗದೆ ಎದ್ದೆ. ಓಣಿಯ ಮೂರು ಮನೆಗೆ ನಾನೇ ಹೋಗಿ ಹೇಳಿ ಬಂದೆ. ನನಗೆ ಮೊಣಕಾಲು ನೋವಿದೆ ಎಂಬುದು ತಿರುಗಿ ಬರುವಾಗ ನೆನಪಾಯಿತು.

ರೋಗವೇ ಇಲ್ಲವೆಂದಲ್ಲ. ಇದೆ. ಅದರ ಹೆಸರು ಸಾರ್ಕಾಯ್ಡೋಸಿಸ್. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಆಕೆಯ ಕೈಯಿಂದಲೇ ಕ್ಯಾಲೆಂಡರಿನ ಹಿಂದೆ ಬರೆಸಿಕೊಂಡು, ಹತ್ತು ಸಲ ಓದಿ, ನಾಲಿಗೆಗೆ ಕೂಡಿಸಿಕೊಂಡೆ. ಅದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಆ ಮಾತು ಕೇಳಿ ಕುಣಿಯುವಷ್ಟು ಸಂತೋಷವಾಯಿತು. ಅದೇ ಮಾತು ಈಗ ಬೇವಿನ ಕಷಾಯದ ಹಾಗೆ ಕಹಿಯಾಗಿದೆ. ಯಾಕೆಂದು ಹೇಳುತ್ತೇನೆ.

ಮೊಮ್ಮಗಳು ಹುಮನಾಬಾದಿನ ಒಂದು ಔಷಧ ಕಾರ್ಖಾನೆಯಲ್ಲಿ ಮಾತ್ರೆ ಪ್ಯಾಕ್ ಮಾಡುವ ಕೆಲಸಕ್ಕೆ ಹೋಗುತ್ತಿದ್ದಳು. ಬೆಳಿಗ್ಗೆ ಬಸವಕಲ್ಯಾಣದಿಂದ ಬಸ್ಸು, ಸಂಜೆ ವಾಪಸ್ಸು. ಹೋದ ವರ್ಷ ಬೇಸಿಗೆಗೆ ಮುಂಚೆ ಆಕೆಯ ಎರಡೂ ಮೊಣಕಾಲಿನ ಕೆಳಗೆ ಕೆಂಪು ಗಂಟುಗಳೆದ್ದವು. ಸೀರೆಯ ನೆರಿಗೆ ತಾಗಿದರೂ ನೋವು. ಕಾಲಿನ ಗಿಣ್ಣು ಬಾತಿತ್ತು. ತನ್ನ ಅವ್ವನಿಗೂ ತೋರಿಸದೆ ನನಗೊಬ್ಬಳಿಗೇ ತೋರಿಸಿದಳು. ಅದೇ ವಾರ ನಿರ್ಣಾದಿಂದ ನನ್ನ ತಂಗಿ ತನ್ನ ಮಗಳ ಮಗನಿಗೆ ಹೆಣ್ಣು ಕೇಳಲು ಬರುವವಳಿದ್ದಳು. ಕಾಲಿನ ಮಾತು ಎತ್ತಿದರೆ ಕುಷ್ಠವೆಂದು ಊರೆಲ್ಲ ಸಾರುತ್ತಾಳೆ. ಅರಿಷಿಣ ಎಣ್ಣೆ ಹಚ್ಚಿ, ದಪ್ಪ ಕಾಲುಚೀಲ ತೊಡಿಸಿ ಹೇಳಿದೆ:

"ಯಾರ ಮುಂದೂ ಆಡಬ್ಯಾಡ. ಡಾಕ್ಟರ್ ಮುಂದೂ ಬ್ಯಾಡ. ದಿನಾ ನಿಂತು ನಿಂತು ರಕ್ತ ಇಳದದ, ಅಷ್ಟ."

ಹೆಣ್ಣು ನೋಡುವಾಗ ನಡೆಸಿ ನೋಡುವುದು ನಮ್ಮಲ್ಲಿ ರೂಢಿ. ತಂಗಿ ಪಡಸಾಲೆಯಲ್ಲಿ ಆಕೆಯನ್ನು ಎರಡು ಸಲ ನಡೆಸಿದಳು. ಬಾತ ಕಾಲಿನಲ್ಲಿ ಆ ಹುಡುಗಿ ಒಂದು ಹೆಜ್ಜೆಯೂ ಕುಂಟದೆ ನಡೆದಳು. ನಾನು ಹೆಮ್ಮೆಯಿಂದ ನೋಡುತ್ತ ಕೂತಿದ್ದೆ. ಕೆಲವು ವಾರಕ್ಕೆ ಗಂಟುಗಳು ಕಪ್ಪಿಟ್ಟು ತಾವೇ ಇಳಿದವು. ನನ್ನ ಎಣ್ಣೆಯಿಂದಲೇ ಎಂದುಕೊಂಡೆ.

ಆಮೇಲೆ ಕೆಮ್ಮು ಬಂತು. ಒಣ ಕೆಮ್ಮು, ಕಫ ಬಹಳ ಇಲ್ಲ. ನಾಲ್ಕು ಮೆಟ್ಟಿಲು ಹತ್ತಿದರೆ ದಮ್ಮು. ಬಸ್ಸಿನಲ್ಲಿ ಕೂತಲ್ಲೇ ನಿದ್ದೆ ಹೋಗಿ ಸ್ಟ್ಯಾಂಡು ದಾಟಿಬಿಡುತ್ತಿದ್ದಳು. ಊರಿನ ಡಾಕ್ಟರು ಎಕ್ಸ್‌ರೇ ತೆಗೆಸಿದರು. ಎದೆಯ ಎರಡೂ ಕಡೆ ಗಂಟು ಬಾತಿದ್ದವು. ಕಫದಲ್ಲಿ ಟಿ.ಬಿ. ಹುಳ ಸಿಗಲಿಲ್ಲ, ಆದರೂ ನಮ್ಮ ಕಡೆ ಹೀಗಿದ್ದರೆ ಹೆಚ್ಚಾಗಿ ಅದೇ ಇರುತ್ತದೆ ಎಂದರು. ಅದಕ್ಕೂ ಮೊದಲು ಒಂದು ಮಾತು ಕೇಳಿದ್ದರು: ಮೈಮೇಲೆ ಗಂಟು, ಕೀಲು ಬಾವು, ಏನಾದರೂ ಆಗಿತ್ತೇ? ಮೊಮ್ಮಗಳು ನನ್ನ ಮುಖ ನೋಡಿದಳು.

"ಏನಿಲ್ರಿ," ಎಂದೆ ನಾನು.

ಟಿ.ಬಿ. ಮಾತ್ರೆ ಶುರುವಾದವು. ನಾನು ಮನೆಗೆ ಬಂದು ತಾಟು ಬೇರೆ ಮಾಡಿದೆ. ಆಕೆ ಹತ್ತನೇ ಪಾಸಾದಾಗ ಸೋದರತ್ತೆ ಒಂದು ಸ್ಟೀಲ್ ತಾಟು ಕೊಟ್ಟಿದ್ದಳು. ಉಡುಗೊರೆಯ ಪಾತ್ರೆಗೆ ಅಂಗಡಿಯಲ್ಲೇ ಮಶೀನಿನಿಂದ ಹೆಸರು ಕೊರೆಸುತ್ತಾರಲ್ಲ, ಹಾಗೆ ಅದರ ಮೇಲೆ ಮೊಮ್ಮಗಳ ಹೆಸರಿತ್ತು. ಅಲ್ಲಿತನಕ ಹಬ್ಬಕ್ಕೆ ಮಾತ್ರ ತೆಗೆಯುತ್ತಿದ್ದೆವು. ಮನೆಯಲ್ಲಿ ಚಿಕ್ಕ ಮೊಮ್ಮಗಳೊಬ್ಬಳಿದ್ದಾಳೆ, ಅಕ್ಕನ ತಾಟಿಗೇ ಕೈಹಾಕುವವಳು. ಆಕೆಗೂ ಗುರುತು ಸಿಗಲೆಂದು ಹೆಸರಿರುವ ತಾಟನ್ನೇ ಆರಿಸಿದೆ. ನಾನು ಎಷ್ಟು ಶಾಣ್ಯಾಕಿ ನೋಡಿರಿ. ಅವತ್ತಿನಿಂದ ಮೊಮ್ಮಗಳು ಹೊರಗಿನ ಕಟ್ಟೆಯ ಮೇಲೆ ಕೂತು ಉಂಡಳು, ತಾಟು ತಾನೇ ತೊಳೆದು ಹಿಟ್ಟಿನ ಡಬ್ಬಿಯ ಹಿಂದೆ ಬೇರೆ ಇಟ್ಟಳು. ಮನೆಗೆ ಬಂದವರೆಲ್ಲ ಅದನ್ನು ನೋಡಿದರು. ಮುಚ್ಚಿಡಬಾರದ ಕಾಲನ್ನು ಮುಚ್ಚಿಟ್ಟವಳು, ಬೇರೆ ಮಾಡಲೇಬಾರದ ತಾಟನ್ನು ಓಣಿಗೆಲ್ಲ ತೋರಿಸಿದೆ.

ವಿಚಾರಿಸಲು ಬರುತ್ತಿದ್ದ ಆಶಾ ಕಾರ್ಯಕರ್ತೆ ಒಂದು ದಿನ ನಿಂತು ಅಂದಳು: "ಆಯಿ, ಟಿ.ಬಿ. ತಾಟಿನಿಂದ ಬರಂಗಿಲ್ಲ, ಗಾಳಿಲೆ ಬರ್ತದ. ನೀವು ತಾಟ ಬ್ಯಾರೆ ಇಟ್ಟು ಕಿಟಕಿ ಮುಚ್ಚೀರಿ."

ಕಿಟಕಿ ತೆಗೆದೆ. ತಾಟನ್ನು ಮಾತ್ರ ಎಲ್ಲರ ತಾಟಿನ ಜೊತೆ ಕೂಡಿಸಲಿಲ್ಲ. ನಿರ್ಣಾದ ತಂಗಿ ಮುಂದಿನ ವರ್ಷ ನೋಡೋಣವೆಂದು ಹೇಳಿ ಕಳಿಸಿದಳು, ಬರುವುದನ್ನೂ ಬಿಟ್ಟಳು.

ಆರು ತಿಂಗಳು ಮಾತ್ರೆ ನುಂಗಿದಳು. ಮೂತ್ರ ಕೇಸರಿ ಬಣ್ಣವಾಯಿತು, ಉಂಡದ್ದು ವಾಂತಿಯಾಯಿತು, ಕೆಮ್ಮು ಇದ್ದಲ್ಲೇ ಇತ್ತು. ಕೊನೆಗೆ ಕಣ್ಣು ಕೆಂಪಾಗಿ, ಬೆಳಕು ಕಂಡರೆ ನೀರು ಸುರಿಯತೊಡಗಿತು. ಹುಮನಾಬಾದಿನ ಕಣ್ಣಿನ ಡಾಕ್ಟರಮ್ಮನ ಹತ್ತಿರ ಕರೆದೊಯ್ದೆ. ಅವರು ಕಣ್ಣೊಳಗೆ ಬಹಳ ಹೊತ್ತು ನೋಡಿ, ಇದು ಬರೀ ಕಣ್ಣಿನ ರೋಗವಲ್ಲ ಎಂದರು. ಕೆಮ್ಮಿನ ಕತೆ ಕೇಳಿದರು. ಆಮೇಲೆ ಅದೇ ಪ್ರಶ್ನೆ: ಕಾಲ ಮೇಲೆ ಕೆಂಪು ಗಂಟು ಎದ್ದಿದ್ದವೇ?

ಈ ಸಲ ಮೊಮ್ಮಗಳು ನನ್ನ ಮುಖ ನೋಡಲಿಲ್ಲ.

"ಎದ್ದಿದ್ವುರಿ. ಯಾರಿಗೂ ಹೇಳಬ್ಯಾಡ ಅಂದಿದ್ರು ನಮ್ಮ ಆಯಿ."

ಡಾಕ್ಟರಮ್ಮ ಪೆನ್ನು ಎತ್ತಿಕೊಂಡರು. ಚೀಟಿ ಬರೆಯುತ್ತ ಹೋದರು. ಬೈದಿದ್ದರೆ ಚಲೋ ಇತ್ತು.

ಆ ಚೀಟಿ ಹಿಡಿದು ಮಗ ಆಕೆಯನ್ನು ಹೈದರಾಬಾದಿಗೆ ಕರೆದೊಯ್ದ. ಸ್ಕ್ಯಾನ್ ಮಾಡಿದರು, ಗಂಟಲೊಳಗೆ ನಳಿಗೆ ಇಳಿಸಿ ಎದೆಯ ಗಂಟಿನ ಚೂರು ತೆಗೆದರು. ಟಿ.ಬಿ. ಗಂಟಿನ ನಡುವೆ ಹೆಚ್ಚಾಗಿ ಕೊಳೆತಂತೆ ಇರುತ್ತದಂತೆ, ಇದರಲ್ಲಿ ಇರಲಿಲ್ಲ, ಹುಳವೂ ಸಿಗಲಿಲ್ಲ. ಇದು ಒಂದೇ ಪರೀಕ್ಷೆಗೆ ಸಿಕ್ಕಿಬೀಳುವ ರೋಗವಲ್ಲ, ಕಣ್ಣು, ಕಾಲು, ಎದೆ ಮೂರೂ ಕೂಡಿಸಿ, ಬೇರೆ ರೋಗ ಅಲ್ಲವೆಂದು ಖಾತ್ರಿ ಮಾಡಿಕೊಂಡು ಹೇಳಬೇಕು ಎಂದರಂತೆ. ಯಾಕೆ ಬರುತ್ತದೆಂದು ಯಾರಿಗೂ ಪೂರಾ ಗೊತ್ತಿಲ್ಲ. ಮೈಯ ಕಾವಲಿನವರೇ ಕಳ್ಳನಿಲ್ಲದ ಮನೆಯಲ್ಲಿ ಗುಂಪು ಕಟ್ಟಿ ಕೂತು, ಮನೆಯನ್ನೇ ಕೆಡಿಸಿದಂತೆ ಎಂದು ಮಗ ವಿವರಿಸಿದ. ಕೇಳುತ್ತ ಕೂತ ನನಗೆ ನನ್ನ ಬಗ್ಗೆಯೇ ಹೇಳಿದಂತಾಯಿತು. ಬಹಳ ಮಂದಿಗೆ ತಾನೇ ಇಳಿಯುತ್ತದಂತೆ. ಇವಳಿಗೆ ಕಣ್ಣಿಗೂ ಬಂದದ್ದರಿಂದ ಹನಿ, ಮಾತ್ರೆ ಬೇಕು, ಆಗಾಗ ಹೋಗಿ ತೋರಿಸಬೇಕು.

ಸಂಜೆಗೆ ನಿರ್ಣಾದಿಂದ ಫೋನು. ಅಂಟುವ ರೋಗವಲ್ಲವೆಂದರೆ ಮತ್ತೆ ಮಾತಾಡೋಣ ಅಂದಳು ತಂಗಿ. ಮೊಮ್ಮಗಳು ಪಕ್ಕದಲ್ಲೇ ಬಳ್ಳೊಳ್ಳಿ ಸುಲಿಯುತ್ತಿದ್ದಳು. ತಲೆ ಎತ್ತದೆ, "ಈ ಸಲ ಅವರ ಹುಡುಗನ್ನ ನಡಿಸಿ ನೋಡಬೇಕಂತ ಹೇಳು," ಎಂದಳು. ಹಾಗೇ ಹೇಳಿ ಫೋನು ಇಟ್ಟೆ.

ಸೊಸೆ ಸಜ್ಜಕದ ಹೋಳಿಗೆ ಮಾಡಿದಳು. ರೊಟ್ಟಿ, ಎಣ್ಣೆಗಾಯಿ ಬದನೆ. ಐದೂ ಜನ ಪಡಸಾಲೆಯಲ್ಲಿ ಸುತ್ತ ಕೂತೆವು. ಮೊಮ್ಮಗಳಿಗೂ ನಾನೇ ಎಲ್ಲರಂಥದೇ ತಾಟು ಹಾಕಿದ್ದೆ. ಆಕೆ ಎದ್ದು ಒಳಗೆ ಹೋಗಿ, ಹಿಟ್ಟಿನ ಡಬ್ಬಿಯ ಹಿಂದಿನ ಹೆಸರಿನ ತಾಟನ್ನು ತಂದು ನನ್ನ ಮುಂದೆ ಇಟ್ಟಳು.

"ಆಯಿ, ಇವತ್ತ ನೀ ಇದ್ರಾಗ ಉಣ್ಣು."

ಬಿಡವ್ವ, ವಯಸ್ಸಾದವರು ಎಂದು ಮಗ ತನ್ನ ಮಗಳಿಗೆ ಹೇಳಿದ.

"ಹ್ಯಾಂಗ ಅನಸ್ತದ ಅಂತ ಆಕಿಗೂ ಗೊತ್ತಾಗ್ಲಿ, ಅಪ್ಪಾ."

ನಾನು ತಾಟು ಎಳೆದುಕೊಂಡೆ. ಓದು ಕಡಿಮೆಯಾದರೂ ಆ ಅಕ್ಷರ ಓದಲು ಬರುತ್ತದೆ. ಹೆಸರಿನ ಮೇಲೆಯೇ ಆಕೆ ಹೋಳಿಗೆ ಹಾಕಿ, ತುಪ್ಪ ಸುರಿದಳು. ಮೊದಲ ತುತ್ತು ಮುರಿದು ಬಾಯಿಗಿಟ್ಟೆ. ಆಕೆ ಬಂದು ನನ್ನ ಪಕ್ಕಕ್ಕೇ ಕೂತಳು. ಚಿಕ್ಕವಳು ರೂಢಿಯಂತೆ ಅಕ್ಕನ ಮುಂದಿದ್ದ ತಾಟಿಗೆ ಕೈ ಹಾಕಿದಳು. ಈ ಸಲ ಯಾರೂ ಆ ಕೈ ಹಿಡಿಯಲಿಲ್ಲ. ಎಲ್ಲರೂ ಉಂಡೆವು.