ಕಿಟಕಿಯಿಂದಿಳಿದ ವೈರು

ಮೆಹದಿಪಟ್ಟಣಂನಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ರಾಯಚೂರು ಕಡೆಯ ಕಾಕಾ, ತಮ್ಮ ಇಂಟರ್‌ನೆಟ್ಟಿನ ವೈರೊಂದನ್ನು ಕಿಟಕಿಯಿಂದ ನಮ್ಮ ಕಂಪ್ಯೂಟರಿಗೂ ಇಳಿಬಿಟ್ಟಿದ್ದರು. ದಿನಾ ಬೆಳಿಗ್ಗೆ ಬಾಲ್ಕನಿಯಿಂದ ಬಗ್ಗಿ, ನಳದ ನೀರನ್ನು ವಿಚಾರಿಸುವವರಂತೆ, "ಬರಾಕತ್ತೈತೇನವ್ವಾ?" ಎನ್ನುತ್ತಿದ್ದರು. ಸಣ್ಣಗೆ ಬರುತ್ತಿದೆ ಎಂದರೆ ತಮ್ಮ ಕಂಪ್ಯೂಟರನ್ನು ಬಂದ್ ಮಾಡುತ್ತಿದ್ದರು.

ನನಗೆ ಆನ್‌ಲೈನಿನಲ್ಲಿ ನೌಕರಿಯ ಸಂದರ್ಶನವಿದೆಯೆಂದು ಅವರಿಗೆ ಮೊದಲೇ ಹೇಳಿದ್ದೆ. ಎರಡನೆಯ ಪ್ರಶ್ನೆಗೇ ಇಂಟರ್‌ನೆಟ್ ಹೋಯಿತು. ಮೇಲಕ್ಕೆ ಓಡಿದೆ. ಮೇ ತಿಂಗಳ ಸೆಕೆಯಲ್ಲಿ ಕಾಕಾ ಫ್ಯಾನೂ ಇಲ್ಲದೆ ಬೆವರುತ್ತ ಕೂತಿದ್ದರು.

"ಪೂರಾ ನಿನಗ ಬರ್ಲಿ ಅಂತ ಮನಿ ಮೇನ್ ಸ್ವಿಚ್ಚೇ ಬಂದ್ ಮಾಡೀನಿ. ಬರಾಕತ್ತೈತೇನವ್ವಾ?"

ಇಂಟರ್‌ನೆಟ್ಟಿನ ಡಬ್ಬಿ ನಡೆಯುವುದೂ ಅದೇ ಸ್ವಿಚ್ಚಿನಿಂದ ಎನ್ನಲು ನನಗೆ ಮನಸ್ಸಾಗಲಿಲ್ಲ.

"ತುಂಬಿತ್ರೀ ಕಾಕಾ," ಎಂದೆ. "ಇನ್ನ ಫ್ಯಾನ್ ಹಾಕ್ಕೋರಿ."