ಮೇಡಂ ಒಯ್ಯದ ಕತ್ರಿ

ಮೇಡಂ ನಡೆದರೆ ಅವರ ಚೀಲ ಕಿಣಿಕಿಣಿ ಅನ್ನುತ್ತಿತ್ತು. ಒಳಗೆ ಊಟದ ಡಬ್ಬಿ, ಅದಕ್ಕೆ ತಾಗುತ್ತ ನಮ್ಮ ಓಣಿಯ ಹುಡುಗಿಯರ ಕತ್ರಿಗಳು.

ಬಳ್ಳಾರಿಯ ನಮ್ಮ ಓಣಿಗೆ ಜೀನ್ಸ್ ಪ್ಯಾಂಟಿನ ಗಂಟುಗಳು ಬರುತ್ತಿದ್ದವು. ಹೊಲಿಗೆಯಲ್ಲಿ ಉಳಿದ ದಾರದ ತುದಿ ಕತ್ತರಿಸುವುದು ಹೆಣ್ಣುಮಕ್ಕಳ ಕೆಲಸ. ಬೆರಳೆಲ್ಲ ನೀಲಿ. ಸರ್ಕಾರಿ ಶಾಲೆಯ ಮೇಡಂ ಕುರುಗೋಡಿನಿಂದ ಬಸ್ಸಿನಲ್ಲಿ ಬಂದು, ಶಾಲೆಗೂ ಮೊದಲು ನಮ್ಮ ಬಾಗಿಲಿಗೆ ಬರುತ್ತಿದ್ದರು. ಮಕ್ಕಳನ್ನು ಶಾಲೆಗೆ ಕಳಿಸಲೇಬೇಕೆಂಬ ಕಾನೂನು ಹೇಳಿ ಸೋತಿದ್ದರು. ಆಮೇಲೆ ಬರೀ ಕೈ ಚಾಚತೊಡಗಿದರು.

"ಕತ್ರಿ ಕೊಡು."

"ಅದನ್ನ ಒಯ್ದರ ಹೊಟ್ಟಿಗೆ ಏನ್ ತಿನ್ನೂನ್ರಿ?" ಅವ್ವ ಕೂಗುತ್ತಿದ್ದಳು.

"ಸಾಲಿಯಾಗ ಅನ್ನ ಸಾರು ಐತಿ. ಸಾಲಿ ಬಿಟ್ಟ ಮ್ಯಾಲ ಕತ್ರಿ ಕೊಡ್ತೀನಿ."

ಅಕ್ಷರದ ಆಸೆಯಿಂದ ಹೋದೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ನಾನು ಹೋದದ್ದು ಕತ್ರಿಯ ಹಿಂದೆ.

ಅಕ್ಕನಿಗೆ ಆಗಲೇ ಹದಿನಾಲ್ಕು ದಾಟಿತ್ತು. ಕಡ್ಡಾಯ ಶಿಕ್ಷಣದ ಕಾನೂನು ಅವಳ ತನಕ ಬರುತ್ತಿರಲಿಲ್ಲ. ದಿನಾ ಅವಳೂ ತನ್ನ ಕತ್ರಿ ಮುಂದೆ ಹಿಡಿಯುತ್ತಿದ್ದಳು.

"ನಂದೂ ತಗೊಳ್ರಿ ಮೇಡಂ, ಭಾರ ಆಗಂಗಿಲ್ಲ."

"ಸುಮ್ಕಿರವಾ, ಹುಚ್ಚಿ," ಎಂದು ಮೇಡಂ ನಗುತ್ತಿದ್ದರು. ನಗುತ್ತಿರಲಿಲ್ಲವೋ ಏನೋ. ನನ್ನ ನೆನಪಿನಲ್ಲಿ ಆಗ ಅವರ ಮುಖ ಬೀದಿಯ ಕಡೆಗೇ ತಿರುಗಿರುತ್ತದೆ.

ನಾನು ಎಂಟನೆಯ ತರಗತಿ ಮುಗಿಸಿದ ದಿನ ಮೇಡಂ ಒಳಗೆ ಬಂದು ಕೂತರು. ನನ್ನ ಕತ್ರಿಯನ್ನು ಚಾಪೆಯ ಮೇಲಿಟ್ಟರು.

"ಕಾನೂನು ಇಲ್ಲೀತನಕ ಐತ್ರಿ. ಇನ್ನ ನಾ ಕೈ ಚಾಚಿದರ ಭಿಕ್ಷೆ ಬೇಡಿದಂಗ."

ಆದರೂ ಚಾಚಿದರು.

ಅವ್ವ ಗಂಟು ಬಿಚ್ಚುತ್ತಲೇ ಇದ್ದಳು. "ಇಬ್ಬರ ಕೆಲಸ ಒಬ್ಬಾಕಿ ಮಾಡಾಕ ಆಗತೈತೇನ್ರಿ?"

ಅಕ್ಕ ಕತ್ರಿ ಎತ್ತಿ ಮೇಡಂ ಕೈಯಲ್ಲಿಟ್ಟಳು. ತನ್ನದಲ್ಲ, ನನ್ನದು.

"ಒಯ್ರಿ. ಇಕಿ ಪಾಲಿಂದೂ ನಾನ ಕತ್ತರಿಸ್ತೀನಿ."

ಮೇಡಂ ಎದ್ದು ಹೋಗುವಾಗ ಚೀಲ ಸದ್ದು ಮಾಡಲಿಲ್ಲ. ಹೀಗೆ ಬರೆದದ್ದು ತೀರಾ ಅಚ್ಚುಕಟ್ಟಾಯಿತು, ನನಗೇ ನಂಬಿಕೆಯಿಲ್ಲ. ಕತ್ರಿ ಒಯ್ದದ್ದು ಮಾತ್ರ ನಿಜ. ನಾನು ಹೈಸ್ಕೂಲಿಗೆ ಹೋದೆ. ಈಗ ಸಿರುಗುಪ್ಪದಲ್ಲಿ ನಾನೂ ಮೇಡಂ.

ನಮ್ಮ ಆ ಮೇಡಂ ತೀರಿಕೊಂಡ ಸುದ್ದಿ ಹೇಳಲು ಬಳ್ಳಾರಿಗೆ ಹೋದೆ. ಅಕ್ಕ ಪ್ಯಾಂಟುಗಳ ರಾಶಿಯ ನಡುವೆ ಕೂತಿದ್ದಳು. ಸುದ್ದಿ ಕೇಳಿಯೂ ಅವಳ ಕೈ ನಿಲ್ಲಲಿಲ್ಲ.

"ಓಣಿ ಮಂದಿದೆಲ್ಲಾ ಒಯ್ದರು. ನನ್ನ ಕತ್ರಿ ಮಾತ್ರ ಒಂದಿನಾನೂ ಮುಟ್ಟಲಿಲ್ಲ ನೋಡು."

ನಾನು ಎದುರಿಗೆ ಕೂತು ಕೈ ಚಾಚಿದೆ.

"ಕೊಡು."

"ಯಾಕ? ಈಗ ನನಗೂ ಸಾಲಿ ಐತೇನಲೇ?" ನಕ್ಕಳು. ಇನ್ನೊಂದು ಪ್ಯಾಂಟು ಎಳೆದುಕೊಂಡಳು.