ಶಿರಂಗಾಲದಲ್ಲಿ ನನ್ನ ಚಪ್ಪಟೆ ಸ್ಪೀಕರ್

ಸ್ನೇಹಿತರೇ, ಇವತ್ತು ಶಿರಂಗಾಲದ ರೈತರ ಸಭೆಗೆ ಮೈಕ್ ಸೆಟ್ ನನ್ನದೇ. ಹಳೆಯ ದೊಡ್ಡ ಪೆಟ್ಟಿಗೆಗಳ ಬದಲು ಹೊಸ ಚಪ್ಪಟೆ ಸ್ಪೀಕರ್‌ಗಳನ್ನು ವೇದಿಕೆಯ ಎರಡೂ ಬದಿ ಸಾಲಾಗಿ ಜೋಡಿಸಿದ್ದೆ. ಮುಂದೆ ಕೂತವರ ಕಿವಿಗೆ ಬಡಿಯದೆ ಹಿಂದಿನವರೆಗೂ ಮಾತು ಸ್ಪಷ್ಟವಾಗಿ ಮುಟ್ಟಿಸುವ ಸ್ಪೀಕರ್‌ಗಳಿವು.

ರೈತ ಸಂಘದ ಕಾರ್ಯದರ್ಶಿ ನೋಡಿದವರೇ, "ಏನಮ್ಮಾ, ಸ್ಪೀಕರ್ ತಾ ಅಂದ್ರೆ ಬಾಗಿಲು ತಂದು ನಿಲ್ಸಿದ್ದೀಯಾ?" ಎಂದರು. ನಾನು ಮೈಕ್ ಆನ್ ಮಾಡಿದೆ. ಅದು ಗೊತ್ತಾಗದೆ ಅವರು ಮೈಕ್ ಪಕ್ಕದಲ್ಲೇ ನಿಂತು ಅಧ್ಯಕ್ಷರಿಗೆ, "ಈ ಹೆಣ್ಮಗಳನ್ನ ನಂಬಿ ಕೆಟ್ವಿ. ಹಿಂದ್ಗಡೆ ಕೂತೋರಿಗೆ ಒಂದಕ್ಷರಾನೂ ಕೇಳಲ್ಲ" ಎಂದು ಪಿಸುಗುಟ್ಟಿದರು.

ಕೊನೆಯ ಸಾಲಿನಿಂದ ಅಜ್ಜಿಯೊಬ್ಬರು ಎದ್ದು ಕೂಗಿದರು: "ಎಲ್ಲಾ ಕೇಳ್ತಾ ಅದೆ ಕಣಪ್ಪಾ, ಆ ಮಗೂನ ಬೈಬೇಡ!"

ಸಭೆಯೆಲ್ಲ ನಕ್ಕಿತು. ಕಾರ್ಯದರ್ಶಿಯೂ ನಕ್ಕು, ಮುಂದಿನ ಸಭೆಗೂ ನನ್ನನ್ನೇ ಕರೆದರು. ನಾನು ಹತ್ತು ಸಲ "ಹಲೋ, ಮೈಕ್ ಟೆಸ್ಟಿಂಗ್" ಎಂದಿದ್ದರೂ ಇಷ್ಟು ಒಳ್ಳೆಯ ಪರೀಕ್ಷೆ ಆಗುತ್ತಿರಲಿಲ್ಲ.